ಠರಾವು ಬರೆಯುವ ಮೊದಲು ತಕ್ಕಡಿ ಹಿಡಿಯಿರಿ: ಊರಿನ ಊಟ ಸುಧಾರಿಸಲು ಪಂಚಾಯ್ತಿ ದಾರಿ

ಗದಗ, ರೋಣ, ನವಲಗುಂದದ ಎರಿ ಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ. ಹಾವೇರಿ ಕಡೆ ಸಾವೆ ಇದ್ದ ಹೊಲಗಳಲ್ಲಿ ಈಗ ಗೋವಿನಜೋಳ. ಬೆಳೆ ಇಷ್ಟಿದ್ದರೂ ರೇಷನ್ ಅಂಗಡಿಗೆ ಬರುವುದು ಬಹುತೇಕ ಅಕ್ಕಿ, ಶಾಲೆಯ ತಟ್ಟೆಗೆ ಬೀಳುವುದು ಅನ್ನ ಮತ್ತು ತಿಳಿ ಸಾರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೊಟ್ಟೆಗೆ ಅನ್ನ ಬೀಳುತ್ತಿದೆ, ಮೈಗೆ ಹತ್ತುತ್ತಿಲ್ಲ.

ಇದನ್ನು ಸರಿಪಡಿಸಲು ಹೊಸ ಕಾನೂನು ಬೇಕಾಗಿಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇದೆ. ಸಂವಿಧಾನದ 11ನೇ ಅನುಸೂಚಿ ಪಂಚಾಯ್ತಿಗಳಿಗೆ ಕೊಡಬಹುದೆಂದು ಹೇಳಿರುವ 29 ವಿಷಯಗಳಲ್ಲಿ 25ನೆಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, 28ನೆಯದು ಪಡಿತರ ವಿತರಣೆ. ಕೊರತೆ ಇರುವುದು ಕಾಗದದಲ್ಲಿ. ಗ್ರಾಮಸಭೆಗಳ ನಡಾವಳಿ ತೆಗೆದು ನೋಡಿದರೆ ‘ಪೌಷ್ಟಿಕ ಆಹಾರ ಒದಗಿಸಲು ಸಂಬಂಧಪಟ್ಟವರಿಗೆ ಕೋರಲು ಠರಾಯಿಸಲಾಯಿತು’ ಎಂಬಂಥ ಸಾಲು ಸಿಗುತ್ತದೆ. ಎಷ್ಟು ಆಹಾರ, ಯಾರಿಗೆ, ಯಾವ ತಾರೀಖಿನೊಳಗೆ ಎಂಬುದು ಅದರಲ್ಲಿ ಇರುವುದಿಲ್ಲ. ಅಂಥ ಠರಾವಿಗೆ ಉತ್ತರ ಕೊಡದೆ ಇರುವುದು ಅಧಿಕಾರಿಗೆ ಬಹಳ ಸುಲಭ. ಪಂಚಾಯ್ತಿ ಸದಸ್ಯರು, ಸ್ವಸಹಾಯ ಸಂಘದವರು, ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ಉತ್ತರ ಕೊಡಲೇಬೇಕಾದ ಠರಾವು ಬರೆಯುವ ಕ್ರಮ ಹೀಗಿದೆ.

ಮೊದಲ ಹತ್ತು ದಿನ: ಅಳತೆ

ಮೂವತ್ತು ಮನೆ ಸಾಕು. ಪಂಚಾಯ್ತಿಯ ಪಕ್ಕದ ಮೂವತ್ತು ಮನೆ ಹಿಡಿಯಬೇಡಿ. ಪ್ರತಿ ಓಣಿಯ ಮನೆಗಳನ್ನು ಎಣಿಸಿ, ಹತ್ತಕ್ಕೊಂದೋ ಹದಿನೈದಕ್ಕೊಂದೋ ಎಂದು ಆರಿಸಿ. ದಲಿತ ಕೇರಿ, ತಾಂಡಾ, ಊರ ಹೊರಗಿನ ಹೊಸ ಪ್ಲಾಟು ಯಾವುದೂ ಬಿಟ್ಟುಹೋಗದಂತೆ ನೋಡಿ. ಪ್ರತಿ ಮನೆಯಲ್ಲಿ 15ರಿಂದ 49 ವರ್ಷದ ಒಬ್ಬ ಹೆಣ್ಣುಮಗಳನ್ನು ಒಂದೇ ಪ್ರಶ್ನೆ ಕೇಳಿ: ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಇವತ್ತು ಬೆಳಿಗ್ಗೆ ಏಳುವ ತನಕ ಏನೇನು ತಿಂದಿರಿ?

ಉತ್ತರವನ್ನು ಹತ್ತು ಗುಂಪಿಗೆ ಹಾಕಿ. ಒಂದು, ರೊಟ್ಟಿ, ಅನ್ನ, ಚಪಾತಿ, ಆಲೂಗಡ್ಡೆ. ಎರಡು, ಬೇಳೆ, ಹೆಸರು, ಮಡಕಿ, ಕಡಲೆ, ಝುಣಕ. ಮೂರು, ಶೇಂಗಾ, ಗುರೆಳ್ಳು, ಅಗಸಿ. ನಾಲ್ಕು, ಹಾಲು, ಮೊಸರು. ಐದು, ಮಾಂಸ, ಮೀನು. ಆರು, ಮೊಟ್ಟೆ. ಏಳು, ಹಸಿರು ತಪ್ಪಲು ಪಲ್ಲೆ: ಮೆಂತ್ಯ, ರಾಜಗಿರಿ, ಪುಂಡಿ, ಹಕ್ಕರಕಿ. ಎಂಟು, ಒಳಗೆ ಹಳದಿ-ಕೇಸರಿ ಇರುವಂಥವು: ಗಜ್ಜರಿ, ಕುಂಬಳ, ಪಪ್ಪಾಯಿ, ಮಾವಿನಹಣ್ಣು. ಒಂಬತ್ತು, ಬದನೆ, ಬೆಂಡೆ, ಟೊಮೆಟೊ, ಉಳ್ಳಾಗಡ್ಡಿಯಂಥ ಉಳಿದ ಕಾಯಿಪಲ್ಲೆ. ಹತ್ತು, ಬಾಳೆ, ಪೇರಲದಂಥ ಉಳಿದ ಹಣ್ಣು. ಹತ್ತರಲ್ಲಿ ಕನಿಷ್ಠ ಐದು ಗುಂಪು ಮುಟ್ಟಿರಬೇಕು. ಇದು ಪೋಷಣಾ ತಜ್ಞರು ಜಗತ್ತಿನ ತುಂಬ ಬಳಸುವ ಅಳತೆಯೇ.

ತಪ್ಪು ಆಗುವ ಜಾಗ ಕೆಲವಿವೆ. ಚಹಾಕ್ಕೆ ಹಾಕಿದ ಹಾಲು ಲೆಕ್ಕಕ್ಕಿಲ್ಲ, ಒಣಮೆಣಸಿನ ಖಾರ ಕಾಯಿಪಲ್ಲೆ ಆಗುವುದಿಲ್ಲ. 15 ಗ್ರಾಂಗಿಂತ ಕಡಿಮೆ, ಅಂದರೆ ಒಂದು ದೊಡ್ಡ ಚಮಚೆಯೂ ಇಲ್ಲದಷ್ಟು ತಿಂದದ್ದನ್ನು ಬಿಡಿ. ಆದ್ದರಿಂದ ರೊಟ್ಟಿಗೆ ಸವರಿಕೊಂಡ ಶೇಂಗಾ ಹಿಂಡಿ ಎಷ್ಟಿತ್ತು ಎಂದು ಕೈಯಲ್ಲಿ ತೋರಿಸಲು ಹೇಳಿ. ಅಮವಾಸ್ಯೆ, ಹಬ್ಬ, ಜಾತ್ರೆಯ ಮರುದಿನ ಕೇಳಲು ಹೋಗಬೇಡಿ. ಹೋಳಿಗೆಯ ಲೆಕ್ಕ ವರ್ಷದ ಲೆಕ್ಕವಲ್ಲ. ಅತ್ತೆಯೋ ಗಂಡನೋ ಎದುರಿಗಿದ್ದರೆ ಸೊಸೆ ‘ಎಲ್ಲಾ ತಿಂದೀನ್ರಿ’ ಅನ್ನುತ್ತಾಳೆ. ಕೇಳಲು ಹೋಗುವವರು ಹೆಣ್ಣುಮಕ್ಕಳೇ ಆಗಿರಲಿ, ಹಿತ್ತಲಲ್ಲಿ ಕೂತು ಕೇಳಲಿ.

ಮೂವತ್ತು ಮನೆ ಮುಗಿದ ಮೇಲೆ ಯಾವ ಗುಂಪು ಎಷ್ಟು ಮನೆಯಲ್ಲಿ ಖಾಲಿ ಎಂದು ಕೂಡಿಸಿ. ಐದು ಮುಟ್ಟದ ಹೆಣ್ಣುಮಕ್ಕಳ ಸಂಖ್ಯೆ, ಹೆಚ್ಚು ಖಾಲಿ ಇರುವ ಎರಡು ಗುಂಪು: ಠರಾವಿನ ಮೊದಲ ಸಾಲಿಗೆ ಬೇಕಾದದ್ದು ಇಷ್ಟೇ.

ಕೀಲಿಕೈ ಯಾರ ಹತ್ತಿರ ಇದೆ

ಜನ ಸೋಲುವುದು ಇಲ್ಲಿ. ಬಿಸಿಯೂಟಕ್ಕೆ ಅಕ್ಕಿ ಬದಲು ಜೋಳ ಕೊಡಿ ಎಂದು ಮುಖ್ಯೋಪಾಧ್ಯಾಯರ ಮೇಲೆ ಎಗರುತ್ತಾರೆ. ಅದು ಅವರ ಕೈಯಲ್ಲಿಲ್ಲ. ಅವರ ಕೈಯಲ್ಲೇ ಇರುವ ಕಾಯಿಪಲ್ಲೆ ಖರೀದಿಯನ್ನು ಯಾರೂ ಕೇಳುವುದಿಲ್ಲ.

ಪಂಚಾಯ್ತಿಯ ಕೈಯಲ್ಲಿಯೇ ಇರುವುದು: ಸಂತೆಯ ಕರ, ಹರಾಜಿನ ಷರತ್ತು, ತನ್ನ ಕ್ರಿಯಾಯೋಜನೆ, ಪಡಿತರ ಅಂಗಡಿಯ ಸಾಮಾಜಿಕ ಪರಿಶೋಧನೆ. ಶಾಲೆಯ ಕೈಯಲ್ಲಿ: ಸಾದಿಲ್ವಾರು (ಚಿಲ್ಲರೆ ಖರ್ಚಿನ) ದುಡ್ಡಿನಲ್ಲಿ ಕೊಳ್ಳುವ ಕಾಯಿಪಲ್ಲೆ. ಅಂಗನವಾಡಿಯ ದೂರು ಮೇಲ್ವಿಚಾರಕಿಗೆ, ಅಲ್ಲಿಂದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ (ಸಿಡಿಪಿಒ). ಪಡಿತರದ ದೂರು ಆಹಾರ ನಿರೀಕ್ಷಕರಿಗೆ, ತಹಶೀಲ್ದಾರರಿಗೆ. ಜೋಳ ಖರೀದಿಯ ಪ್ರಸ್ತಾವ ಜಿಲ್ಲಾಧಿಕಾರಿಯ ಟಾಸ್ಕ್‌ಫೋರ್ಸ್ ಮೂಲಕ ರಾಜ್ಯಕ್ಕೆ, ಅಲ್ಲಿಂದ ಕೇಂದ್ರಕ್ಕೆ. ಕಾರ್ಡುಗಳ ಒಟ್ಟು ಸಂಖ್ಯೆ ದೆಹಲಿಯ ಕೈಯಲ್ಲಿ: ಕಾಯ್ದೆಯಡಿ ರಾಜ್ಯಕ್ಕೆ ಸಿಕ್ಕಿರುವ ಮಿತಿ ಸುಮಾರು 4.01 ಕೋಟಿ ಜನ, ಅದೂ 2011ರ ಜನಗಣತಿಯ ಲೆಕ್ಕ. ಹೊಸ ಕಾರ್ಡಿಗೆ ಕಾಯುವವರಿಗೆ ಊರಿನ ಡೀಲರನ್ನು ಬೈದರೆ ಉಪಯೋಗವಿಲ್ಲ.

ಒಂದು ಠರಾವಿನಲ್ಲಿ ಒಂದೇ ಕೀಲಿ. ಐದು ಇಲಾಖೆಯ ಬೇಡಿಕೆಯನ್ನು ಒಂದೇ ಹಾಳೆಯಲ್ಲಿ ಬರೆದರೆ ಅದು ಐದೂ ಕಡೆಯಿಂದ ‘ನಮಗೆ ಸಂಬಂಧಿಸಿಲ್ಲ’ ಎಂದು ವಾಪಸು ಬರುತ್ತದೆ.

ರೇಷನ್ ಅಂಗಡಿಯ ಪರಿಶೋಧನೆ

ಆಹಾರ ಭದ್ರತಾ ಕಾಯ್ದೆಯ 28ನೇ ಕಲಮಿನ ಪ್ರಕಾರ ನ್ಯಾಯಬೆಲೆ ಅಂಗಡಿಗಳ ಸಾಮಾಜಿಕ ಪರಿಶೋಧನೆಯನ್ನು ಸ್ಥಳೀಯ ಸಂಸ್ಥೆ ಆಗಾಗ ಮಾಡಬೇಕು. 27ನೇ ಕಲಮು ಪಡಿತರದ ದಾಖಲೆಗಳನ್ನು ಜನರ ಎದುರು ಇಡಬೇಕೆನ್ನುತ್ತದೆ. 29ನೇ ಕಲಮು ರಾಜ್ಯ, ಜಿಲ್ಲೆ, ತಾಲ್ಲೂಕು ಮತ್ತು ಅಂಗಡಿ ಮಟ್ಟದಲ್ಲಿ ಜಾಗೃತ ಸಮಿತಿ ಬೇಕೆನ್ನುತ್ತದೆ. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡ, ಮಹಿಳೆಯರು, ನಿರ್ಗತಿಕರು, ಅಂಗವಿಕಲರು ಇರಬೇಕು. ನಿಮ್ಮ ಅಂಗಡಿಯ ಜಾಗೃತ ಸಮಿತಿಯ ಪಟ್ಟಿ ಕೇಳಿ. ಪಟ್ಟಿ ಸಿಕ್ಕರೆ ಅದರಲ್ಲಿರುವವರಿಗೆ ತಾವು ಸದಸ್ಯರೆಂದು ಗೊತ್ತೇ ಎಂದೂ ಕೇಳಿ.

ಪರಿಶೋಧನೆಯ ದಿನ ಮನೆಯಿಂದ ಒಂದು ಸರಿಯಾದ ತೂಕದ ಯಂತ್ರ ಒಯ್ಯಿರಿ. ಅಂಗಡಿಯಿಂದ ಹೊರಬರುವ ಇಪ್ಪತ್ತು ಜನರ ಚೀಲ ತೂಗಿ, ರಸೀದಿಯ ಅಂಕಿ ಪಕ್ಕಕ್ಕೆ ಬರೆದುಕೊಳ್ಳಿ. ಆದ್ಯತಾ ಕಾರ್ಡಿಗೆ ಕಾಯ್ದೆಯಂತೆ ತಿಂಗಳಿಗೆ ತಲಾ 5 ಕಿಲೋ, ಅಂತ್ಯೋದಯಕ್ಕೆ ಮನೆಗೆ 35 ಕಿಲೋ. ರಾಜ್ಯದ ಅನ್ನಭಾಗ್ಯದ ಪಾಲು ಇದರ ಮೇಲೆ ಬರುತ್ತದೆ, ಅದು ಆಗಾಗ ಬದಲಾಗಿದೆ: 2023ರ ಜುಲೈಯಿಂದ ಕಿಲೋಗೆ 34 ರೂಪಾಯಿಯಂತೆ ನಗದು, 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿ. ಹಾಗಾಗಿ ಆ ತಿಂಗಳ ಹಂಚಿಕೆ ಆದೇಶ ಕೈಯಲ್ಲಿಟ್ಟುಕೊಂಡೇ ತೂಗಿ. ಇಲ್ಲವಾದರೆ ಡೀಲರ್ ಹೇಳಿದ್ದೇ ಆದೇಶ.

ತೂಕ ಕಡಿಮೆ ಬಂದರೆ ಡೀಲರನೇ ಕಳ್ಳ ಎಂದು ತೀರ್ಮಾನಿಸುವ ಮೊದಲು ಗೋದಾಮಿನಿಂದ ಬಂದ ನಾಲ್ಕು ಚೀಲಗಳನ್ನೂ ತೂಗಿ. ಸೆಣಬಿನ ಚೀಲವೇ ಅರ್ಧ ಕಿಲೋಗಿಂತ ಹೆಚ್ಚು ಭಾರ. ಚೀಲ ಸಮೇತ 50 ಕಿಲೋ ಬಂದರೆ ಅಕ್ಕಿ ಬಂದದ್ದು 49 ಚಿಲ್ಲರೆ. ಆ ಕೊರತೆಯನ್ನು ಡೀಲರ್ ಕೊನೆಗೆ ಕಾರ್ಡಿನವರ ತಲೆಗೆ ಹಂಚುತ್ತಾನೆ. ಆಗ ನಿಮ್ಮ ಪತ್ರ ಹೋಗಬೇಕಾದದ್ದು ಗೋದಾಮಿನ ವ್ಯವಸ್ಥಾಪಕರ ಮೇಲಿನವರಿಗೆ.

ಬೆರಳಚ್ಚಿನದು ಇನ್ನೊಂದು ಗೋಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ, ವರ್ಷವಿಡೀ ಕಳೆ ಕೀಳುವ ಹೆಣ್ಣುಮಕ್ಕಳ ಬೆರಳ ಗೆರೆ ಸವೆದಿರುತ್ತದೆ. ಬೆರಳು ಮೂಡಲಿಲ್ಲ ಎಂಬ ಕಾರಣಕ್ಕೆ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಹಾಗೆ ವಾಪಸು ಬಂದವರ ಕಾರ್ಡ್ ಸಂಖ್ಯೆ, ತಾರೀಖು ಬರೆದಿಡಿ. ‘ಬಹಳ ಜನರಿಗೆ ತೊಂದರೆ’ ಎನ್ನುವುದಕ್ಕಿಂತ ಏಳು ಕಾರ್ಡಿನ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ.

‘ಪ್ಲಾಸ್ಟಿಕ್ ಅಕ್ಕಿ’ ಎಂಬ ಗಾಳಿಸುದ್ದಿಗೆ ಅದೇ ದಿನ ಉತ್ತರ ಕೊಡಿ. ಪಡಿತರ ಅಕ್ಕಿಯಲ್ಲಿ ನೂರಕ್ಕೆ ಒಂದರಂತೆ ಬೆರೆಸಿರುವ, ಬಣ್ಣ ಸ್ವಲ್ಪ ಬೇರೆ ಇರುವ ಕಾಳುಗಳು ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಮಾಡಿದವು. ಎಷ್ಟೋ ಮನೆಯಲ್ಲಿ ಅವನ್ನೇ ಆರಿಸಿ ಕೋಳಿಗೆ ಹಾಕುತ್ತಾರೆ. ಅಕ್ಕಿ ತೊಳೆಯುವಾಗ ತೇಲಿ ಹೋಗುವುದೂ ಉಂಟು, ಆದ್ದರಿಂದ ಹೆಚ್ಚು ತೊಳೆಯಬಾರದು. ಥಲಸ್ಸೀಮಿಯಾ ಇರುವವರು ಮಾತ್ರ ವೈದ್ಯರನ್ನು ಕೇಳಿಯೇ ಉಣ್ಣಬೇಕು.

ಬಿಸಿಯೂಟ: 7 ಕಿಲೋ ಕಾಯಿಪಲ್ಲೆಯ ಲೆಕ್ಕ

ಬೇಗ ಫಲ ಕಾಣುವ ಜಾಗ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು.

1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಲೆ, 5 ಗ್ರಾಂ ಎಣ್ಣೆ. 6ರಿಂದ 8ಕ್ಕೆ 150, 30, 75, 7.5. ಇದರಿಂದ ಸಿಗಬೇಕಾದದ್ದು ಚಿಕ್ಕವರಿಗೆ 450 ಕ್ಯಾಲರಿ, 12 ಗ್ರಾಂ ಪ್ರೋಟೀನ್. ದೊಡ್ಡವರಿಗೆ 700 ಕ್ಯಾಲರಿ, 20 ಗ್ರಾಂ. ಚಿಕ್ಕವರು 80, ದೊಡ್ಡವರು 40 ಇರುವ ಶಾಲೆ ಎಂದುಕೊಳ್ಳಿ. ಕಾಯಿಪಲ್ಲೆ 4 ಮತ್ತು 3, ಒಟ್ಟು 7 ಕಿಲೋ. ಬೇಳೆ 1.6 ಮತ್ತು 1.2, ಒಟ್ಟು 2.8 ಕಿಲೋ. ಎಣ್ಣೆ 700 ಗ್ರಾಂ. ಕ್ಷೀರಭಾಗ್ಯದ ಹಾಲಿಗೆ ಮಗುವಿಗೆ 18 ಗ್ರಾಂ ಪುಡಿ, 10 ಗ್ರಾಂ ಸಕ್ಕರೆ, ಆಗುವುದು 150 ಮಿಲಿ, ಅಂದರೆ 2.16 ಕಿಲೋ ಪುಡಿಗೆ 18 ಲೀಟರ್ ಹಾಲು. 25 ಮಕ್ಕಳವರೆಗೆ ಒಬ್ಬರು ಅಡುಗೆಯವರು, 26ರಿಂದ 100ಕ್ಕೆ ಇಬ್ಬರು, ಆಮೇಲೆ ನೂರಕ್ಕೊಬ್ಬರು. ಈ ಶಾಲೆಗೆ ಮೂವರು ಬೇಕು. ಇಬ್ಬರೇ ಇದ್ದರೆ ಮೊದಲು ಕಾಣೆಯಾಗುವುದು ತಪ್ಪಲು ಪಲ್ಲೆ, ಯಾಕೆಂದರೆ ಅದನ್ನು ಸೋಸಿ ತೊಳೆಯಲು ಕೈ ಬೇಕು.

ಬೇಯಿಸಿದ ಸಾರು ನೋಡಿ ಬೇಳೆ ಅಳೆಯಲು ಆಗುವುದಿಲ್ಲ. ಎಸ್‌ಡಿಎಂಸಿಯ ಇಬ್ಬರು ವಾರಕ್ಕೊಮ್ಮೆ, ದಿನ ಹೇಳದೆ, ಬೆಳಿಗ್ಗೆ ಬೇಳೆ ಕುಕ್ಕರಿಗೆ ಬೀಳುವ ಮೊದಲು ಬಂದು ಒಣಬೇಳೆ, ಹೆಚ್ಚದ ಕಾಯಿಪಲ್ಲೆ ತೂಗಿ ವಹಿಯಲ್ಲಿ ಬರೆಯಲಿ. ನಾಲ್ಕು ವಾರದ ನಾಲ್ಕು ಸಾಲು ಸಾಕು.

ಅಡುಗೆ ವೆಚ್ಚ 2025ರ ಮೇ 1ರಿಂದ ಚಿಕ್ಕವರಿಗೆ 6.78, ದೊಡ್ಡವರಿಗೆ 10.17 ರೂಪಾಯಿ. ನಮ್ಮ ಲೆಕ್ಕದ ಶಾಲೆಗೆ ದಿನಕ್ಕೆ 949 ರೂಪಾಯಿ 20 ಪೈಸೆ. ಬೇಳೆ, ಎಣ್ಣೆ ಬಹುತೇಕ ಸಾಮಾನಾಗಿಯೇ ಬರುವುದರಿಂದ ಇಷ್ಟೂ ನಗದು ಶಾಲೆಯ ಕೈಗೆ ಬರುವುದಿಲ್ಲ. ಕಾಯಿಪಲ್ಲೆ, ಮಸಾಲೆಗೆ ಬರುವ ಸಾದಿಲ್ವಾರು ಸಣ್ಣದು, ಅದೂ ತಡ. ಇದೇ ಕಾರಣಕ್ಕೆ ಎಷ್ಟೋ ಶಾಲೆಯಲ್ಲಿ ವಾರದ ಸಂತೆಯಲ್ಲಿ ಆಲೂಗಡ್ಡೆ, ಉಳ್ಳಾಗಡ್ಡಿ ತಂದಿಟ್ಟು ವಾರವಿಡೀ ಅದನ್ನೇ ಹಾಕುತ್ತಾರೆ. ಅವು ಕೆಡುವುದಿಲ್ಲ ನೋಡಿ.

ಉಪಾಯ: ಊರಿನ ಒಂದು ಸ್ವಸಹಾಯ ಸಂಘದ ಜೊತೆ ಶಾಲೆ ಒಪ್ಪಂದ ಮಾಡಿಕೊಳ್ಳಲಿ. ದಿನದ 7 ಕಿಲೋದಲ್ಲಿ 2 ಕಿಲೋ ತಪ್ಪಲು, 2 ಕಿಲೋ ಕುಂಬಳ ಅಥವಾ ಗಜ್ಜರಿ, ಉಳಿದ 3 ಕಿಲೋ ಟೊಮೆಟೊ, ಉಳ್ಳಾಗಡ್ಡಿ, ಬದನೆ, ಏನಿದೆಯೋ ಅದು. ತಿಂಗಳಿಗೆ 22 ದಿನ ಎಂದರೆ ತಪ್ಪಲು 44 ಕಿಲೋ; ನೀರಿದ್ದರೆ ಒಂದು ಗುಂಟೆ ಸಾಕು. ಅದನ್ನು ಮೂರು ಮಡಿ ಮಾಡಿ ಹತ್ತು ದಿನಕ್ಕೊಂದರಂತೆ ಬಿತ್ತಬೇಕು. ಒಂದೇ ದಿನ ಎಲ್ಲ ಬಿತ್ತಿದರೆ ಒಂದು ವಾರ ರಾಶಿ, ಮೂರು ವಾರ ಬರಗಾಲ. ದರವನ್ನು ವರ್ಷಕ್ಕೆ ಗಟ್ಟಿ ಮಾಡಬೇಡಿ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಹಿಂದಿನ ವಾರದ ಸರಾಸರಿ, ಅದರ ಮೇಲೆ ಸಾಗಣೆಗೆ ಇಷ್ಟು ಎಂದು ಬರೆಯಿರಿ. ಉಳ್ಳಾಗಡ್ಡಿ ದರ ಏರಿದ ತಿಂಗಳು ಸಂಘ ಒಪ್ಪಂದ ಮುರಿಯದಂತೆ ಇದು ಕಾಯುತ್ತದೆ.

ಇಂಥ ಒಪ್ಪಂದ ಸಾಯುವುದು ದುಡ್ಡು ತಡವಾದಾಗ. ಎರಡು ತಿಂಗಳು ಬಿಲ್ಲು ಬಾಕಿ ಉಳಿದರೆ ತಪ್ಪಲು ಸಂತೆಗೆ ಹೋಗುತ್ತದೆ, ತಪ್ಪೇನೂ ಅಲ್ಲ. ಆದ್ದರಿಂದ ಶುರು ಮಾಡುವ ಮೊದಲೇ ಎರಡು ತಿಂಗಳ ಮೊತ್ತವನ್ನು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ನಿಧಿಯಿಂದ ಸಂಘಕ್ಕೆ ಸಾಲವಾಗಿ ಕೊಡಿಸಿ, ಶಾಲೆಯ ಬಿಲ್ಲು ಬಂದಂತೆ ತೀರಿಸುವಂತೆ ಬರೆದುಕೊಳ್ಳಿ. ತಪ್ಪಲನ್ನು ಮೂರು ನೀರಿನಲ್ಲಿ ತೊಳೆಯುವುದನ್ನೂ ಕರಾರಿನಲ್ಲಿ ಹಾಕಿ. ಎರಿಮಣ್ಣು ಹಲ್ಲಿಗೆ ಸಿಕ್ಕ ದಿನ ಮಕ್ಕಳು ಪಲ್ಲೆಯನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ; ಆಮೇಲೆ ಹದಿನೈದು ದಿನ ಮುಟ್ಟುವುದಿಲ್ಲ. ಹುಳಿ ಇರುವುದರಿಂದ ಪುಂಡಿ ಪಲ್ಲೆಯನ್ನು ಬೇಗ ಒಪ್ಪುತ್ತಾರೆ, ಅಲ್ಲಿಂದ ಶುರು ಮಾಡಿ. ಮುಂಡರಗಿ ಕಡೆಯವರು ಅಡುಗೆಯ ನೀರಿನ ಫ್ಲೋರೈಡ್ ಕೂಡ ಪರೀಕ್ಷೆ ಮಾಡಿಸಬೇಕು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರಿನಲ್ಲಿ ಅಡುಗೆ ಮಾಡಬಾರದು.

ಮೊಟ್ಟೆಯನ್ನು ಗ್ರಾಮಸಭೆಯಲ್ಲಿ ಮತಕ್ಕೆ ಹಾಕಬೇಡಿ. ಅದು ಬೇಕೆನ್ನುವ ಮಗುವಿನ ಪಾಲು. ಊರಿನ ಬಹುಮತಕ್ಕೆ ಅದರಲ್ಲಿ ಕೆಲಸವಿಲ್ಲ. ತಿನ್ನದವರಿಗೆ ಬಾಳೆಹಣ್ಣು ಇದೆ. ಪಾಲಕರಿಂದ ಒಂದು ಸಾಲಿನ ಆಯ್ಕೆ ಪತ್ರ ಪಡೆದು ಮುಖ್ಯೋಪಾಧ್ಯಾಯರು ಇಟ್ಟುಕೊಂಡರೆ ಜಗಳ ಅಲ್ಲಿಗೆ ನಿಲ್ಲುತ್ತದೆ. ಚಳಿಗಾಲದಲ್ಲಿ ಪೇಟೆಯ ಮೊಟ್ಟೆ ದರ ಸರ್ಕಾರದ ದರ ದಾಟುತ್ತದೆ, ಆಗ ಸದ್ದಿಲ್ಲದೆ ಮೊಟ್ಟೆ ಬಾಳೆಹಣ್ಣಾಗಿಬಿಡುತ್ತದೆ. ಡಿಸೆಂಬರ್, ಜನವರಿಯಲ್ಲಿ ವಹಿ ನೋಡಿ.

ಹುಬ್ಬಳ್ಳಿ-ಧಾರವಾಡದ ಬಹಳ ಶಾಲೆಗಳಿಗೆ ಊಟ ದೊಡ್ಡ ಕೇಂದ್ರೀಕೃತ ಅಡುಗೆಮನೆಯಿಂದ ಡಬ್ಬಿಯಲ್ಲಿ ಬರುತ್ತದೆ. ಅಲ್ಲಿ ಕಾಯಿಪಲ್ಲೆ ಒಪ್ಪಂದ ನಡೆಯುವುದಿಲ್ಲ. ಡಬ್ಬಿ ಬಂದ ಹೊತ್ತು, ತೆರೆದಾಗ ಊಟ ಬಿಸಿ ಇತ್ತೇ, ಉಳಿದು ಚೆಲ್ಲಿದ್ದು ಎಷ್ಟು ಎಂದು ಬರೆದಿಡುವುದೇ ನಿಮ್ಮ ಆಯುಧ. ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿ ಎರಡು-ಮೂರು ದೊಡ್ಡವರು ರುಚಿ ನೋಡಬೇಕೆಂಬ ನಿಯಮ ಅಲ್ಲಿಗೂ ಅನ್ವಯ.

ಅಂಗನವಾಡಿ

2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣದಲ್ಲಿ ಬಸುರಿ, ಬಾಣಂತಿಯರಿಗೆ ತಿಂಗಳಿಗೆ 25 ದಿನ ಬಿಸಿ ಊಟ, ಮೊಟ್ಟೆ, 200 ಮಿಲಿ ಹಾಲು ಇದೆ. ಆದರೆ ಕೇಂದ್ರಕ್ಕೆ ಬಂದು ಉಣ್ಣಬೇಕು. ಬೆಳಿಗ್ಗೆಯೇ ಟಂಟಂ ಹತ್ತಿ ಕೂಲಿಗೆ ಹೋದವಳು ಮಧ್ಯಾಹ್ನ ಹೇಗೆ ಬಂದಾಳು? ಒಂದು ತಿಂಗಳು ಗೈರುಹಾಜರಿಯ ಕಾರಣ ಬರೆಸಿ: ಕೂಲಿ, ದೂರ, ಬಾಣಂತನ, ಇನ್ನೊಬ್ಬರ ಜೊತೆ ಕೂತು ಉಣ್ಣಲು ಮನೆಯವರ ತಕರಾರು. ಕೊನೆಯ ಕಾರಣವನ್ನು ಯಾರೂ ತಾವಾಗಿ ಹೇಳುವುದಿಲ್ಲ, ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಸಮಯ ಬದಲಿಸುವುದಕ್ಕೂ ಬುತ್ತಿ ಕೊಟ್ಟುಕಳಿಸುವುದಕ್ಕೂ ಅನುಮತಿ ಇಲಾಖೆಯದು. ಪಂಚಾಯ್ತಿ ಮಾಡಬೇಕಾದದ್ದು ಆ ಪಟ್ಟಿ ಸಮೇತ ಸಿಡಿಪಿಒಗೆ ಬರೆಯುವುದು.

ಸಂತೆಯ ಕರ: ಪೂರ್ತಿ ನಿಮ್ಮ ಕೈಯಲ್ಲಿರುವ ನೀತಿ

ಹಿತ್ತಲಲ್ಲಿ ಬೆಳೆದ ಎರಡು ಕಟ್ಟು ಮೆಂತ್ಯ, ಒಂದು ಬುಟ್ಟಿ ಬದನೆ ತಂದು ಕೂತ ಮುದುಕಿಯಿಂದಲೂ ಲಾರಿಯಲ್ಲಿ ಮಾಲು ಇಳಿಸಿದವನಿಂದಲೂ ಗುತ್ತಿಗೆದಾರ ಒಂದೇ ಹಣ ಎತ್ತುತ್ತಾನೆ. ಬುಟ್ಟಿಯವಳಿಗೆ ಅದು ದಿನದ ಲಾಭದ ದೊಡ್ಡ ಪಾಲು. ಆಕೆ ಬರುವುದು ಬಿಟ್ಟರೆ ಊರಿಗೆ ತಾಜಾ ತಪ್ಪಲು ಬರುವುದೂ ನಿಲ್ಲುತ್ತದೆ. ಸಂತೆ ಕರದ ದರ ಗೊತ್ತುಮಾಡುವುದು ಪಂಚಾಯ್ತಿ.

ಹರಾಜು ಪ್ರಕಟಣೆಯಲ್ಲಿ ನಾಲ್ಕು ಷರತ್ತು ಸೇರಿಸಿ. ತಾವೇ ಬೆಳೆದು ತಂದ 10 ಕಿಲೋ ಒಳಗಿನ ಬುಟ್ಟಿ ಮಾರಾಟಕ್ಕೆ ಕರ ಇಲ್ಲ. ದರಪಟ್ಟಿಯ ಫಲಕ ಸಂತೆಯ ಬಾಗಿಲಲ್ಲಿ ಇರಬೇಕು. ರಸೀದಿ ಇಲ್ಲದೆ ವಸೂಲಿ ಇಲ್ಲ. ಮೂರು ದೂರು ಸಾಬೀತಾದರೆ ಠೇವಣಿ ಮುಟ್ಟುಗೋಲು. ಹರಾಜು ಆರ್ಥಿಕ ವರ್ಷಕ್ಕೆ ಮೊದಲು ಮುಗಿಯುವುದರಿಂದ ಈ ಠರಾವು ಜನವರಿಯೊಳಗೆ ಆಗಬೇಕು. ಏಪ್ರಿಲ್‌ನಲ್ಲಿ ಎಚ್ಚರವಾದರೆ ಗುತ್ತಿಗೆದಾರ ಕರಾರು ತೋರಿಸುತ್ತಾನೆ, ಒಂದು ವರ್ಷ ಹೋಯಿತು. ಹರಾಜಿನ ಮೊತ್ತ ಸ್ವಲ್ಪ ಇಳಿಯುತ್ತದೆ. ಸದಸ್ಯರು ಇದನ್ನೇ ಎತ್ತುತ್ತಾರೆ. ಬುಟ್ಟಿಯವರು ಎಷ್ಟು ಜನ, ವಾರಕ್ಕೆ ಎಷ್ಟು ಕರ ಎಂದು ಎರಡು ಸಂತೆ ಎಣಿಸಿ ನಿಜವಾದ ನಷ್ಟ ಹೇಳಿ. ಹೆದರಿಸಲು ಹೇಳುವ ಅಂಕಿಗಿಂತ ಅದು ಸಾಮಾನ್ಯವಾಗಿ ಚಿಕ್ಕದಿರುತ್ತದೆ.

ಅವಳಿ ನಗರದಲ್ಲಿ ಇದೇ ಕೆಲಸಕ್ಕೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40 ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಮಹಿಳೆಯರು. ಕಾಯಿಪಲ್ಲೆ ಗಾಡಿ ಎಬ್ಬಿಸುವ ಮೊದಲು 30 ದಿನದ ನೋಟಿಸು ಬೇಕು.

ಜೋಳವನ್ನು ರೇಷನ್ನಿಗೆ ತರುವುದು

ಇದು ಉದ್ದದ ದಾರಿ, ಒಂದು ವರ್ಷದ ಕೆಲಸ. ಆಹಾರ ಭದ್ರತಾ ಕಾಯ್ದೆಯ 12ನೇ ಕಲಮು ಪಡಿತರದಲ್ಲಿ ಬೇರೆ ಬೇರೆ ಪದಾರ್ಥ ತರಲು ಹೇಳುತ್ತದೆ, ಕೇಂದ್ರ ಒಪ್ಪಿದರೆ ರಾಜ್ಯ ಜೋಳ ಕೊಂಡು ಹಂಚಬಹುದು. 400 ಕಾರ್ಡು, 1,600 ಜನರ ಊರಿಗೆ ತಲಾ 2 ಕಿಲೋ ಅಕ್ಕಿಯ ಬದಲು ಜೋಳ ಎಂದರೆ ತಿಂಗಳಿಗೆ 32 ಕ್ವಿಂಟಲ್. ಜೋಳ ಹಂಚಲು ಕೇಂದ್ರ ಕೊಟ್ಟಿರುವ ಅವಧಿ ಮೊದಲು 3 ತಿಂಗಳಿತ್ತು, ಆಮೇಲೆ 9 ತಿಂಗಳಾಯಿತು. ಒಂಬತ್ತು ತಿಂಗಳಿಗೆ 288 ಕ್ವಿಂಟಲ್. ಒಣಬೇಸಾಯದಲ್ಲಿ ಎಕರೆಗೆ 4 ಕ್ವಿಂಟಲ್ ಹಿಡಿದರೆ 72 ಎಕರೆ. ಒಂದು ಊರಿಗೆ ಇದೇನು ದೊಡ್ಡದಲ್ಲ.

ಕ್ರಮ ಹೀಗೆ: ಜುಲೈನಲ್ಲಿ ಕಾರ್ಡಿನವರ ಒಪ್ಪಿಗೆ ಎಣಿಸಿ. ಆಗಸ್ಟಿನಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಿ, ಅಂದರೆ ಸೆಪ್ಟೆಂಬರ್-ಅಕ್ಟೋಬರ್ ಬಿತ್ತನೆಗೆ ಮೊದಲು. ಬಿತ್ತಿದ ಮೇಲೆ ಬೆಳೆ ಸಮೀಕ್ಷೆಯಲ್ಲಿ ಜೋಳ ಎಂದೇ ದಾಖಲಾಗಿದೆಯೇ ಎಂದು ಪ್ರತಿ ರೈತನೂ ನೋಡಿಕೊಳ್ಳಬೇಕು. ಕಡಲೆ ಎಂದು ಬಿದ್ದಿದ್ದರೆ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶ ಖರೀದಿ ಕೇಂದ್ರದಲ್ಲಿ ಹೆಸರನ್ನೇ ಹಿಡಿಯುವುದಿಲ್ಲ. ರಾಶಿಯಾದ ಮೇಲೆ ತೇವಾಂಶ ಶೇ 14 ದಾಟಬಾರದು. ಒಂಬತ್ತು ತಿಂಗಳು ಇಡಬೇಕಾದ ಕಾಳನ್ನು 12ಕ್ಕೆ ಇಳಿಸಿದರೆ ನುಸಿ ಕಡಿಮೆ. ಹಿಟ್ಟು ಮಾಡಿ ಹಂಚಿ ಎಂದು ಮಾತ್ರ ಕೇಳಬೇಡಿ, ಜೋಳದ ಹಿಟ್ಟು ಬೇಗ ಕಹಿಯಾಗುತ್ತದೆ. ಊರಿನ ಗಿರಣಿ ಇದ್ದೇ ಇದೆಯಲ್ಲ.

ತೊಡಕು ದರದಲ್ಲಿದೆ. 2025–26ರ ಬೆಂಬಲ ಬೆಲೆ ಹೈಬ್ರಿಡ್‌ಗೆ 3,699, ಮಾಲ್ದಂಡಿ ತಳಿಗೆ 3,749 ರೂಪಾಯಿ, ಕ್ವಿಂಟಲಿಗೆ. ಪೇಟೆಯಲ್ಲಿ ಒಳ್ಳೆಯ ಬಿಳಿಜೋಳಕ್ಕೆ ಇದಕ್ಕಿಂತ ಹೆಚ್ಚು ಸಿಕ್ಕ ವರ್ಷ ಯಾರೂ ಖರೀದಿ ಕೇಂದ್ರದ ಕಡೆ ಹಾಯುವುದಿಲ್ಲ; ಕೇಂದ್ರ ತೆರೆದಿದ್ದೂ ವ್ಯರ್ಥ. ಆದ್ದರಿಂದ ಠರಾವಿನಲ್ಲಿ ಬೆಂಬಲ ಬೆಲೆಯ ಮೇಲೆ ರಾಜ್ಯದ ಪ್ರೋತ್ಸಾಹಧನವನ್ನೂ ಕೇಳಿ. ಸಾವೆ, ನವಣೆಯಂಥ ಸಿರಿಧಾನ್ಯಕ್ಕೆ ರಾಜ್ಯದ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಕೊಟ್ಟ ಉದಾಹರಣೆ ಇದೆ.

ಠರಾವು ಹೀಗಿರಲಿ

‘ಗ್ರಾಮದ 30 ಮನೆಗಳಲ್ಲಿ ನಡೆಸಿದ ಎಣಿಕೆಯಲ್ಲಿ 21 ಮಹಿಳೆಯರು ಹತ್ತರಲ್ಲಿ ಐದು ಆಹಾರ ಗುಂಪು ಮುಟ್ಟಿಲ್ಲ, 24 ಮನೆಯಲ್ಲಿ ಹಸಿರು ತಪ್ಪಲು ಇರಲಿಲ್ಲ (ಪಟ್ಟಿ ಲಗತ್ತು). ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ದಿನ ತೂಗಿದಾಗ 7 ಕಿಲೋ ಬದಲು ಸರಾಸರಿ 3 ಕಿಲೋ ಕಾಯಿಪಲ್ಲೆ ಬಳಕೆಯಾಗಿದೆ. ಜುಲೈ 1ರಿಂದ ದಿನಕ್ಕೆ 7 ಕಿಲೋ, ಅದರಲ್ಲಿ 2 ಕಿಲೋ ತಪ್ಪಲು ಖರೀದಿಸಲು, ಬಾಕಿ ಸಾದಿಲ್ವಾರು ಮೊತ್ತವನ್ನು ಜೂನ್ 20ರೊಳಗೆ ಬಿಡುಗಡೆ ಮಾಡಲು ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರನ್ನು ಕೋರಿದೆ. ಕೈಗೊಂಡ ಕ್ರಮದ ವರದಿಯನ್ನು ಮುಂದಿನ ಗ್ರಾಮಸಭೆಯ ಮೊದಲ ವಿಷಯವಾಗಿ ಪಿಡಿಒ ಓದತಕ್ಕದ್ದು.’

ಅಂಕಿಗಳು ಮಾದರಿಗೆ, ನಿಮ್ಮ ವಹಿಯ ಅಂಕಿ ಹಾಕಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ವಾರ್ಡ್ ಸಭೆಯಲ್ಲೇ ವಿಷಯ ಎತ್ತಿ ಬರೆಸಿ; ನೇರ ಗ್ರಾಮಸಭೆಯಲ್ಲಿ ಎತ್ತಿದರೆ ‘ವಿಷಯಪಟ್ಟಿಯಲ್ಲಿ ಇಲ್ಲ’ ಎಂಬ ಮಾತು ಬರುತ್ತದೆ. ಸಭೆ ಮುಗಿಯುವ ಮೊದಲು ನಡಾವಳಿ ಪುಸ್ತಕದಲ್ಲಿ ಠರಾವಿನ ಸಂಖ್ಯೆ ನೋಡಿಯೇ ಏಳಿ. ಮನೆಗೆ ಹೋದ ಮೇಲೆ ಬರೆಯುವ ಠರಾವಿನಲ್ಲಿ ಅಂಕಿಗಳು ಉದುರಿಹೋಗಿರುತ್ತವೆ.

ಉತ್ತರ ಬಾರದಿದ್ದರೆ

ಮೂವತ್ತು ದಿನ ಕಾದು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಇಲ್ಲ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳುತ್ತಾರೆ. ‘ಇಂಥ ಠರಾವಿನ ಮೇಲೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಪುಟಗಳ ಪ್ರತಿ’ ಎಂದು ಕೇಳಿ.

ಧಾನ್ಯ ಅಥವಾ ಊಟ ಸಿಗದ ದೂರಿಗೆ ಮೊದಲು 1967ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ, ಆಮೇಲೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ಲಿಖಿತವಾಗಿ ಕೊಡಿ. ಆಹಾರ ಭದ್ರತಾ ಕಾಯ್ದೆಯ 8ನೇ ಕಲಮಿನಡಿ ಆಹಾರ ಭದ್ರತಾ ಭತ್ಯೆಯನ್ನೂ ಅದರಲ್ಲೇ ಕೇಳಿ. ಇವರನ್ನು ದಾಟಿ ನೇರ ಬೆಂಗಳೂರಿನ ರಾಜ್ಯ ಆಹಾರ ಆಯೋಗಕ್ಕೆ ಬರೆಯುವ ಆತುರ ಬೇಡ. ಆಯೋಗ 5,000 ರೂಪಾಯಿವರೆಗೆ ದಂಡ ಹಾಕಬಹುದಾದದ್ದು ಜಿಲ್ಲಾ ಕುಂದುಕೊರತೆ ಅಧಿಕಾರಿ ಸೂಚಿಸಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದವರಿಗೆ. ಕೆಳಗಿನ ಆದೇಶವೇ ಇಲ್ಲದಿದ್ದರೆ ದಂಡಕ್ಕೆ ಆಧಾರವೂ ಇಲ್ಲ. ಆಯೋಗಕ್ಕೆ ಹೋಗುವ ಅರ್ಜಿಯ ಜೊತೆ ಎಣಿಕೆಯ ಪಟ್ಟಿ, ತೂಕದ ವಹಿಯ ಪುಟ, ಠರಾವು, ಜಿಲ್ಲಾ ಕುಂದುಕೊರತೆ ಅಧಿಕಾರಿಯ ಆದೇಶ ಇದೇ ಕ್ರಮದಲ್ಲಿ ಪುಟಸಂಖ್ಯೆ ಹಾಕಿ ಸೇರಿಸಿ. ಮೂಲ ಪ್ರತಿ ಕೊಡಬೇಡಿ. ನೆರಳಚ್ಚು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.